ಓಬರ್‌ಲಿಗಾ ವೆಸ್ಟ್ (1947–1963): ಕಲ್ಲಿದ್ದಲು ಸೀಮೆಯ ಫುಟ್‌ಬಾಲ್ ಲೀಗಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಓಬರ್‌ಲಿಗಾ ವೆಸ್ಟ್ ಎಂದರೆ ಯಾವ ಲೀಗ್?

ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಿಂದ 1963ರವರೆಗೆ, ಪಶ್ಚಿಮ ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಕ್ಲಬ್ಬುಗಳು ಆಡುತ್ತಿದ್ದ ಅತ್ಯುನ್ನತ ದರ್ಜೆಯ ಲೀಗ್ ಇದು. ಹದಿನಾರು ಋತುಗಳು ನಡೆದು, ಇಡೀ ದೇಶಕ್ಕೆ ಒಂದೇ ಲೀಗಾದ ಬುಂಡೆಸ್‌ಲಿಗಾ ಹುಟ್ಟಿದ ವರ್ಷ ಮುಗಿದುಹೋಯಿತು. ಬೊರುಸಿಯಾ ಡೋರ್ಟ್‌ಮುಂಡ್, ಶಾಲ್ಕೆ 04, ಎಫ್‌ಸಿ ಕಲೋನ್ ಮುಂತಾದ, ಇಂದು ಟಿವಿಯಲ್ಲಿ ನೋಡುವ ಹೆಸರುಗಳೆಲ್ಲ ಇಲ್ಲಿ ಬೆಳೆದವು. ಅವುಗಳ ಜೊತೆ ಸರಿಸಮನಾಗಿ ಕಾದಾಡಿದ ಜೋಡಿಂಗೆನ್, ಕಾಟರ್ನ್‌ಬೆರ್ಗ್, ಹಾರ್ಸ್ಟ್-ಎಮ್ಷರ್, ಎರ್ಕೆನ್‌ಶ್ವಿಕ್‌ಗಳ ಹೆಸರನ್ನು ಇಂದು ಆ ಊರಿನವರಲ್ಲದೆ ಬೇರೆಯವರು ಹೇಳುವುದಿಲ್ಲ. ಈ ಪುಟದಲ್ಲಿ ಅವುಗಳಿಗೆ ಸ್ವಲ್ಪ ಹೆಚ್ಚು ಜಾಗ ಸಿಕ್ಕಿದೆ, ಬೇಕೆಂದೇ ಕೊಟ್ಟದ್ದು.

ಈಗಲೂ ಜರ್ಮನಿಯಲ್ಲಿ ಓಬರ್‌ಲಿಗಾ ಎಂಬ ಹೆಸರಿನ ಲೀಗುಗಳಿವೆಯಲ್ಲ, ಅದೇ ಇದೇ?

ಅಲ್ಲ. ಇಂದಿನ ಓಬರ್‌ಲಿಗಾಗಳು ಐದನೇ ದರ್ಜೆಯವು. ಪೂರ್ವ ಜರ್ಮನಿಯಲ್ಲೂ ಇದೇ ಹೆಸರಿನ ರಾಷ್ಟ್ರೀಯ ಲೀಗ್ 1991ರವರೆಗೆ ಇತ್ತು, ಅದೂ ಬೇರೆಯೇ. ಹೆಸರೊಂದನ್ನು ಬಿಟ್ಟರೆ ಮೂರಕ್ಕೂ ಸಂಬಂಧವಿಲ್ಲ.

ಇಡೀ ದೇಶಕ್ಕೆ ಒಂದೇ ಲೀಗ್ ಏಕೆ ಇರಲಿಲ್ಲ?

ಯುದ್ಧಕ್ಕೆ ಮುಂಚೆಯೂ ಜರ್ಮನಿಯಲ್ಲಿ ರಾಷ್ಟ್ರೀಯ ಲೀಗ್ ಇರಲಿಲ್ಲ. ಪ್ರಾಂತ್ಯವಾರು ಆಡಿ, ಗೆದ್ದವರು ಕೊನೆಗೆ ರಾಷ್ಟ್ರೀಯ ಚಾಂಪಿಯನ್‌ಪಟ್ಟಕ್ಕೆ ಸೆಣಸುವುದೇ ರೂಢಿ. ಯುದ್ಧಾನಂತರ ದೇಶವೇ ಮಿತ್ರರಾಷ್ಟ್ರಗಳ ನಾಲ್ಕು ವಲಯಗಳಾಗಿ ಒಡೆದಿತ್ತು. ಅಮೆರಿಕನ್ನರ ವಲಯದಲ್ಲಿ ಓಬರ್‌ಲಿಗಾ ಜ್ಯೂಡ್ (ದಕ್ಷಿಣದ ಲೀಗ್) 1945ರ ನವೆಂಬರ್ 4ರಂದೇ ಆರಂಭವಾಯಿತು. ಬಾಂಬು ಬಿದ್ದು ನೆಲಸಮವಾದ ಊರುಗಳಲ್ಲಿ, ಶರಣಾಗತಿಯ ಆರು ತಿಂಗಳೊಳಗೆ ಲೀಗ್ ಪಂದ್ಯ ನಡೆಯಿತೆಂದರೆ ಜನರಿಗೆ ಚೆಂಡಿನ ಮೇಲೆ ಎಷ್ಟು ಆಸೆಯಿತ್ತೆಂದು ಊಹಿಸಿಕೊಳ್ಳಿ. ಪಶ್ಚಿಮ ಬ್ರಿಟಿಷರ ಕೈಯಲ್ಲಿತ್ತು; ಅಲ್ಲಿ ಕೆಲಸ ನಿಧಾನ. ವೆಸ್ಟ್‌ಫಾಲಿಯಾ, ಕೆಳ ರೈನ್, ಮಧ್ಯ ರೈನ್ ಎಂಬ ಮೂರು ಪ್ರದೇಶಗಳು ಮೊದಲು ತಮ್ಮ ತಮ್ಮ ಪಾಡಿಗೆ ಆಡಿಕೊಂಡವು. 1947ರಲ್ಲಿ ಮೂರೂ ಸೇರಿ ಓಬರ್‌ಲಿಗಾ ವೆಸ್ಟ್ ಆಯಿತು. ಉತ್ತರ, ನೈಋತ್ಯ ಮತ್ತು ಬರ್ಲಿನ್ ಸೇರಿ ಒಟ್ಟು ಐದು ಪ್ರಾದೇಶಿಕ ಲೀಗುಗಳು ಹೀಗೆ ನಿಂತವು. ರಾಷ್ಟ್ರೀಯ ಚಾಂಪಿಯನ್‌ಪಟ್ಟದ ಪಂದ್ಯಾವಳಿ 1948ರಲ್ಲಿ ಮರಳಿ ಶುರುವಾಯಿತು.

ಲೀಗ್ ಶುರುವಾಗುವ ಮುಂಚಿನ ಎರಡು ವರ್ಷ ಆಟ ಹೇಗೆ ನಡೆಯಿತು?

ಹೊಟ್ಟೆಗಾಗಿ ನಡೆಯಿತು ಎಂದರೆ ಹೆಚ್ಚು ಸರಿ. ನಗರದ ತಂಡಗಳು ಲಾರಿ ಹತ್ತಿ ಹಳ್ಳಿಗಳಿಗೆ ಹೋಗಿ, ಅಲ್ಲಿನ ತಂಡದೊಡನೆ ಸ್ನೇಹಪಂದ್ಯ ಆಡುತ್ತಿದ್ದವು. ಸಂಭಾವನೆ ಹಣವಲ್ಲ, ಆಲೂಗೆಡ್ಡೆ, ಹಿಟ್ಟು, ಹಂದಿಯ ಕೊಬ್ಬು. ಇವಕ್ಕೆ ‘ಕ್ಯಾಲೊರಿ ಪಂದ್ಯ’ಗಳೆಂದೇ ಹೆಸರು. 1946–47ರ ಚಳಿಗಾಲವನ್ನು ಜರ್ಮನರು ಇಂದಿಗೂ ಹಸಿವಿನ ಚಳಿಗಾಲವೆಂದೇ ನೆನೆಯುತ್ತಾರೆ. ರೇಷನ್ ಚೀಟಿಯಲ್ಲಿ ಬರೆದಷ್ಟು ಆಹಾರವೂ ಕೈಗೆ ಸಿಗದ ದಿನಗಳವು. ಪಶ್ಚಿಮದ ಗಣಿ ಪಟ್ಟಿಯಾದ ರೂರ್ ಸೀಮೆಯ ಕ್ಲಬ್ಬುಗಳಿಗೆ ಮಾತ್ರ ಒಂದು ಅನುಕೂಲವಿತ್ತು: ಅವರ ಬಳಿ ಕಲ್ಲಿದ್ದಲಿತ್ತು. ರೈತನ ಮನೆಯಲ್ಲಿ ಆಲೂಗೆಡ್ಡೆ ಉಂಟು, ಒಲೆಗೆ ಇದ್ದಿಲಿಲ್ಲ. ಉಳಿದದ್ದನ್ನು ವಿವರಿಸಬೇಕಿಲ್ಲ.

ಈ ಅವಧಿಯ ಒಂದು ಪಂದ್ಯವನ್ನು ಮಾತ್ರ ತಿಳಿದಿರಲೇಬೇಕು. 1947ರ ಮೇ 18, ಹೆರ್ನೆ ಪಟ್ಟಣ, ವೆಸ್ಟ್‌ಫಾಲಿಯಾ ಪ್ರಶಸ್ತಿಯ ಅಂತಿಮ ಪಂದ್ಯ. ಒಂದು ಕಡೆ ಶಾಲ್ಕೆ, 1934ರಿಂದ 1942ರೊಳಗೆ ಆರು ಬಾರಿ ರಾಷ್ಟ್ರೀಯ ಚಾಂಪಿಯನ್. ಇನ್ನೊಂದು ಕಡೆ, ಅವರ ನೆರಳಲ್ಲೇ ಬೆಳೆದ ಡೋರ್ಟ್‌ಮುಂಡ್. ಡೋರ್ಟ್‌ಮುಂಡ್ 3–2ರಿಂದ ಗೆದ್ದಿತು. ಪಶ್ಚಿಮದ ಫುಟ್‌ಬಾಲಿನ ಯಜಮಾನಿಕೆ ಅಂದು ಕೈ ಬದಲಾಯಿಸಿತು. ಇಂದು ಆ ಎರಡು ಕ್ಲಬ್ಬುಗಳ ನಡುವೆ ಕಾಣುವ ಹಗೆತನದ ಲೆಕ್ಕ ಆ ದಿನದಿಂದಲೇ ಶುರು ಎಂದು ನನ್ನ ನಂಬಿಕೆ.

ಲೀಗಿನ ನಿಯಮಗಳು ಇಂದಿನಂತೆಯೇ ಇದ್ದವೇ?

ಬಹುಪಾಲು. ಗೆಲುವಿಗೆ ಮೂರಲ್ಲ, ಎರಡು ಅಂಕ. ಲೀಗ್ ಒಂದು ಸ್ಥಿತಿಗೆ ಬಂದ ಮೇಲೆ 16 ತಂಡ, 30 ಪಂದ್ಯ. ಅಂಕ ಸಮವಾದರೆ ಹೊಡೆದ ಗೋಲನ್ನು ಬಿಟ್ಟುಕೊಟ್ಟ ಗೋಲಿನಿಂದ ಭಾಗಿಸಿ ಸ್ಥಾನ ನಿರ್ಧರಿಸುತ್ತಿದ್ದರು. ಮೇಲಿನ ತಂಡಗಳಿಗೆ ರಾಷ್ಟ್ರೀಯ ಸುತ್ತಿನ ಅವಕಾಶ, ತಳದಲ್ಲಿದ್ದವಕ್ಕೆ ಎರಡನೇ ದರ್ಜೆಗೆ ಇಳಿತ.

ಆಟಗಾರರಿಗೆ ಸಂಬಳವಿತ್ತೇ?

ಇತ್ತು, ಆದರೆ ವೃತ್ತಿಪರರೆಂದು ಹೇಳಿಕೊಳ್ಳುವಂತಿರಲಿಲ್ಲ. ‘ಒಪ್ಪಂದದ ಆಟಗಾರ’ ಎಂಬ ನಡುವಿನ ದರ್ಜೆಯೊಂದನ್ನು ಜರ್ಮನ್ ಫುಟ್‌ಬಾಲ್ ಸಂಸ್ಥೆ ಸೃಷ್ಟಿಸಿತ್ತು. ತಿಂಗಳಿಗೆ ಗರಿಷ್ಠ 320 ಮಾರ್ಕ್. ಜೊತೆಗೆ ಬೇರೊಂದು ಉದ್ಯೋಗ ಇರಲೇಬೇಕು. ಮೊತ್ತ ಆಮೇಲೆ ಸ್ವಲ್ಪ ಏರಿತು. ಗಣಿಯೊಳಗೆ ಇಳಿಯುವ ನುರಿತ ಕಾರ್ಮಿಕನ ಸಂಬಳದ ಆಸುಪಾಸಿನ ಹಣವದು, ಅಷ್ಟೇ.

ಕಾಗದದ ಮೇಲೆ ಹೀಗೆ. ಮೇಜಿನ ಕೆಳಗೆ ಬೇರೆ ವ್ಯವಹಾರ. ಒಳ್ಳೆಯ ಮುಂಚೂಣಿ ಆಟಗಾರನನ್ನು ಕರೆತರಬೇಕಾದರೆ ಲಕೋಟೆಯಲ್ಲಿ ಹಣ, ಕಂಪನಿಯ ಮನೆ, ತಂಬಾಕಿನ ಅಂಗಡಿ, ಪೆಟ್ರೋಲ್ ಬಂಕ್, ಹೆಸರಿಗಷ್ಟೇ ಇರುವ ನೌಕರಿ, ಹೀಗೆ ಏನಾದರೂ ಒದಗಿಸಬೇಕಾಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ‘ಹವ್ಯಾಸಿ ಆಟದ ಪಾವಿತ್ರ್ಯ’ದ ಭಾಷಣ ಮಾಡುತ್ತಿದ್ದ ಅಧಿಕಾರಿಗಳನ್ನು ಓದುವಾಗ ನಗು ಬರುತ್ತದೆ.

ಹಣ ಸುರಿದವರ ಪೈಕಿ ಪ್ರಾಯ್ಸೆನ್ ಮ್ಯುನ್‌ಸ್ಟರ್ ಹೆಸರು ದೊಡ್ಡದು. ಕಲ್ಲಿದ್ದಲಿನ ಸೋಂಕಿಲ್ಲದ, ವಿಶ್ವವಿದ್ಯಾಲಯದ ಊರು. ಗೆರಿಟ್ಸೆನ್, ಪ್ರೈಸ್ಲರ್, ಶುಲ್ಟ್ಸ್, ರಾಖುಬಾ, ಲಾಮರ್ಸ್ ಎಂಬ ಐವರ ಮುಂಚೂಣಿ ಸಾಲನ್ನು ಅಲ್ಲಿ ಜೋಡಿಸಿದರು. ಪತ್ರಿಕೆಗಳು ಅದಕ್ಕೆ ‘ಲಕ್ಷ ಮಾರ್ಕಿನ ಸಾಲು’ ಎಂದು ಹೆಸರಿಟ್ಟವು. 1951ರಲ್ಲಿ ತಂಡ ಬರ್ಲಿನ್ನಿನ ರಾಷ್ಟ್ರೀಯ ಫೈನಲ್‌ವರೆಗೆ ಹೋಗಿ, ಕೈಸರ್ಸ್‌ಲೌಟರ್ನ್ ಎದುರು 2–1ರಿಂದ ಸೋತಿತು. ಲಕ್ಷದ ಸಾಲಿನಿಂದ ಬಂದದ್ದು ಗೆರಿಟ್ಸೆನ್ ಹೊಡೆದ ಒಂದು ಗೋಲು.

ಗಣಿಗೂ ಲೀಗಿಗೂ ನಂಟಿತ್ತು ಎನ್ನುತ್ತಾರೆ. ಅದು ನಿಜವೇ, ಇಲ್ಲ ನಂತರ ಕಟ್ಟಿದ ಕಥೆಯೇ?

ಕಥೆಯ ಬಣ್ಣ ಸ್ವಲ್ಪ ಬಳಿದಿದ್ದಾರೆ, ಒಪ್ಪೋಣ. ಆದರೆ ಒಳಗಿನ ತಿರುಳು ನಿಜ. ರೂರ್ ನದಿಯಿಂದ ಎಮ್ಷರ್ ತೊರೆಯವರೆಗಿನ ಪಟ್ಟಿಯಲ್ಲಿ ಊರುಗಳು ಹುಟ್ಟಿದ್ದೇ ಗಣಿಯ ಸುತ್ತ. ಮೊದಲು ಗಣಿ ಬಾವಿ, ಅದರ ಮೇಲೆ ಚಕ್ರ ತಿರುಗುವ ಉಕ್ಕಿನ ಗೋಪುರ, ಪಕ್ಕದಲ್ಲಿ ಕಾರ್ಮಿಕರ ಕಾಲೊನಿ, ಕಾಲೊನಿಯ ಹುಡುಗರಿಗೆ ಬಯಲು, ಬಯಲಿಗೊಂದು ಕ್ಲಬ್. ಯುದ್ಧ ಮುಗಿದಾಗ ಇಡೀ ದೇಶಕ್ಕೆ ಬೇಕಾಗಿದ್ದ ಒಂದೇ ವಸ್ತು ಕಲ್ಲಿದ್ದಲು. ಗಣಿ ಕಾರ್ಮಿಕನಿಗೆ ಉಳಿದವರಿಗಿಂತ ಹೆಚ್ಚು ರೇಷನ್, ಮನೆಗೆ ಉಚಿತ ಇದ್ದಿಲು, ವಾಸಕ್ಕೆ ಸೂರು. ಇದಕ್ಕಿಂತ ಒಳ್ಳೆಯ ಆಮಿಷ ಆಟಗಾರನಿಗೆ ಬೇರೆ ಏನು ಬೇಕು? ಗಣಿಯ ಆಡಳಿತ ಮಂಡಳಿ ಮನಸ್ಸು ಮಾಡಿದರೆ ಪುಟ್ಟ ಬಡಾವಣೆಯ ತಂಡವೂ ಮೇಲಿನ ದರ್ಜೆಗೆ ಏರಬಹುದಿತ್ತು.

ಎಸ್‌ವಿ ಜೋಡಿಂಗೆನ್ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಜೋಡಿಂಗೆನ್ ಊರೂ ಅಲ್ಲ, ಹೆರ್ನೆ ಪಟ್ಟಣದ ಒಂದು ಬಡಾವಣೆ. ಅಲ್ಲಿನ ಮೋಂ ಸೆನಿ ಗಣಿ ಕ್ಲಬ್ಬಿನ ಬೆನ್ನೆಲುಬು. ಆಟಗಾರರ ಹೆಸರು ಗಣಿಯ ಹಾಜರಿ ಪುಸ್ತಕದಲ್ಲಿರುತ್ತಿತ್ತು. ಕೆಲವರಿಗೆ ಮೇಲಿನ ಹಗುರ ಕೆಲಸ, ತರಬೇತಿಗೆ ಹೋಗಲು ಪಾಳಿಯಿಂದ ರಿಯಾಯಿತಿ. 1954–55ರಲ್ಲಿ ಈ ಬಡಾವಣೆಯ ತಂಡ ಡೋರ್ಟ್‌ಮುಂಡ್, ಶಾಲ್ಕೆ, ಕಲೋನ್ ಎಲ್ಲವನ್ನೂ ಹಿಂದಿಕ್ಕಿ ಲೀಗಿನಲ್ಲಿ ಎರಡನೇ ಸ್ಥಾನ ಪಡೆದು, ರಾಷ್ಟ್ರೀಯ ಸುತ್ತಿನಲ್ಲಿ ಆಡಿತು. ಪ್ರಪಂಚದ ದೊಡ್ಡ ಲೀಗುಗಳಲ್ಲಿ ಇಂಥದ್ದು ಮತ್ತೆ ನಡೆಯುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಎಸೆನ್ ನಗರದ ಉತ್ತರಕ್ಕೆ, ತ್ಸೋಲ್‌ಫೆರೈನ್ ಎಂಬ ಮಹಾಗಣಿಯ ಮಗ್ಗುಲಿನ ಕಾಟರ್ನ್‌ಬೆರ್ಗ್ ಇನ್ನೊಂದು. ಅಲ್ಲಿನ ಸ್ಪೋರ್ಟ್‌ಫ್ರಾಯಿಂಡೆ ತಂಡದಲ್ಲಿ 1950–51ರಲ್ಲಿ ಹೆಲ್ಮುಟ್ ರಾನ್ ಎಂಬ ಯುವಕ ಬಲಬದಿಯಲ್ಲಿ ಓಡುತ್ತಿದ್ದ. ಅವನ ವಿಷಯ ಮುಂದೆ ಬರುತ್ತದೆ.

ತಂಡಗಳ ಪಟ್ಟಿಯನ್ನು ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಷೆಪಾನ್, ಕುಟ್ಸೋರಾ, ಟಿಲ್ಕೋವ್‌ಸ್ಕಿ, ಕ್ವಿಯಾಟ್‌ಕೋವ್‌ಸ್ಕಿ, ಕಾಪಿಟುಲ್‌ಸ್ಕಿ, ಷಿಮಾನಿಯಾಕ್: ಇವು ರೈನ್ ದಂಡೆಯ ಹೆಸರುಗಳಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪೂರ್ವ ಪ್ರಷ್ಯಾದ ಮಸೂರಿಯಾದಿಂದ, ಪೋಲಿಷ್ ಪ್ರದೇಶಗಳಿಂದ ಕೂಲಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇವರು. ಒಂದು ಕಾಲಕ್ಕೆ ಶಾಲ್ಕೆಯನ್ನು ‘ಪೋಲರ ಕ್ಲಬ್’ ಎಂದು ಹೀಯಾಳಿಸಿದವರಿದ್ದರು. ಚಾಂಪಿಯನ್ ಆದ ಮೇಲೆ ಹೀಯಾಳಿಕೆ ನಿಂತಿತು.

ಹದಿನಾರು ಋತುಗಳಲ್ಲಿ ಲೀಗ್ ಗೆದ್ದವರು ಯಾರು?

ಮೊದಲ ಮೂರು ವರ್ಷ, 1948ರಿಂದ 1950ರವರೆಗೆ, ಡೋರ್ಟ್‌ಮುಂಡ್. 1951ರಲ್ಲಿ ಶಾಲ್ಕೆ, 1952ರಲ್ಲಿ ರೋಟ್-ವೈಸ್ ಎಸೆನ್, 1953ರಲ್ಲಿ ಮತ್ತೆ ಡೋರ್ಟ್‌ಮುಂಡ್. 1954 ಕಲೋನ್, 1955 ಎಸೆನ್, 1956 ಮತ್ತು 1957 ಡೋರ್ಟ್‌ಮುಂಡ್, 1958 ಶಾಲ್ಕೆ. 1959ರಲ್ಲಿ ಯಾರೂ ನಿರೀಕ್ಷಿಸದ ವೆಸ್ಟ್‌ಫಾಲಿಯಾ ಹೆರ್ನೆ. ಆಮೇಲೆ 1960ರಿಂದ 1963ರವರೆಗೆ ನಾಲ್ಕೂ ವರ್ಷ ಕಲೋನ್.

ರಾಷ್ಟ್ರೀಯ ಚಾಂಪಿಯನ್‌ಪಟ್ಟ ಪಶ್ಚಿಮಕ್ಕೆ ಬರಲು ಮಾತ್ರ 1955ರವರೆಗೆ ಕಾಯಬೇಕಾಯಿತು. 1949ರ ಜುಲೈನಲ್ಲಿ, ಸ್ಟುಟ್‌ಗಾರ್ಟಿನ ಸುಡುಬಿಸಿಲಿನಲ್ಲಿ, ಡೋರ್ಟ್‌ಮುಂಡ್ ಎರಡು ಬಾರಿ ಮುಂದಿದ್ದೂ ಹೆಚ್ಚುವರಿ ಅವಧಿಯಲ್ಲಿ ವಿಎಫ್‌ಆರ್ ಮಾನ್‌ಹೈಮ್‌ಗೆ 3–2ರಿಂದ ಸೋತಿತ್ತು. ಒಮ್ಮೆ ಬಾಗಿಲು ತೆರೆದ ಮೇಲೆ 1955 ಎಸೆನ್, 1956–57 ಡೋರ್ಟ್‌ಮುಂಡ್, 1958 ಶಾಲ್ಕೆ: ಸತತ ನಾಲ್ಕು ವರ್ಷ ಪಟ್ಟ ರೂರ್ ಸೀಮೆ ಬಿಟ್ಟು ಹೋಗಲಿಲ್ಲ. ಅದರಲ್ಲಿ 1958ರದ್ದು ಶಾಲ್ಕೆಯ ಏಳನೆಯದು. ಎಂಟನೆಯದು ಇನ್ನೂ ಬಂದಿಲ್ಲ.

ರೋಟ್-ವೈಸ್ ಎಸೆನ್ ಮತ್ತು ಹೆಲ್ಮುಟ್ ರಾನ್ ಬಗ್ಗೆ ಅಷ್ಟೊಂದು ಮಾತೇಕೆ?

1954ರ ಜುಲೈ 4, ಬರ್ನ್. ವಿಶ್ವಕಪ್ ಫೈನಲ್. ಹಂಗೆರಿ ಎಂಟು ನಿಮಿಷದೊಳಗೆ ಎರಡು ಗೋಲು ಹೊಡೆದು ಕೂತಿದೆ. ಪಶ್ಚಿಮ ಜರ್ಮನಿ ಸಮ ಮಾಡಿತು; ಎರಡನೇ ಗೋಲು ರಾನ್‌ನದು. 84ನೇ ನಿಮಿಷದಲ್ಲಿ ಹಂಗೆರಿಯ ರಕ್ಷಣೆ ಅರ್ಧಂಬರ್ಧ ಹೊರದಬ್ಬಿದ ಚೆಂಡು ಪೆನಾಲ್ಟಿ ಪ್ರದೇಶದ ಅಂಚಿನಲ್ಲಿ ರಾನ್‌ಗೆ ಸಿಕ್ಕಿತು. ಬಲಗಾಲಿನಲ್ಲಿ ಹೊಡೆಯುವವನಂತೆ ತೋರಿಸಿ, ಎಡಕ್ಕೆ ಸರಿದು, ಎಡಗಾಲಿನಿಂದ ಕೆಳಮೂಲೆಗೆ ಬಿಟ್ಟ. 3–2. ಜರ್ಮನಿಯ ಮೊದಲ ವಿಶ್ವಕಪ್. ಆ ದಿನ ಕಣಕ್ಕಿಳಿದ ಹನ್ನೊಂದರಲ್ಲಿ ಮೂವರು ಓಬರ್‌ಲಿಗಾ ವೆಸ್ಟ್‌ನವರು: ಎಸೆನ್‌ನ ರಾನ್, ಫೋರ್ಟುನಾ ಡ್ಯುಸೆಲ್‌ಡೋರ್ಫ್‌ನ ಗೋಲ್‌ಕೀಪರ್ ಟೋನಿ ಟುರೆಕ್, ಕಲೋನ್‌ನ ಹಾನ್ಸ್ ಶೇಫರ್. ಗುಂಪಿನ ಪಂದ್ಯದಲ್ಲಿ ಇದೇ ಹಂಗೆರಿಗೆ 8–3ರಿಂದ ಸೋತಾಗ ಗೋಲಿನಲ್ಲಿ ನಿಂತಿದ್ದ ಕ್ವಿಯಾಟ್‌ಕೋವ್‌ಸ್ಕಿಯೂ ನಮ್ಮ ಲೀಗಿನವನೇ. ಎಂಟು ಗೋಲು ತಿಂದವನನ್ನು ಇತಿಹಾಸ ಬೇಗ ಮರೆಯುತ್ತದೆ. ಆದರೆ ಡೋರ್ಟ್‌ಮುಂಡ್‌ನಲ್ಲಿ ಅವನು ದೊಡ್ಡ ಆಟಗಾರ.

ವಿಶ್ವಕಪ್‌ಗೆ ಸ್ವಲ್ಪ ಮುಂಚೆ ರಾನ್ ಯುರೋಪಿನಲ್ಲೇ ಇರಲಿಲ್ಲ. ಎಸೆನ್ ತಂಡದೊಡನೆ ದಕ್ಷಿಣ ಅಮೆರಿಕದ ಪ್ರವಾಸದಲ್ಲಿದ್ದ. ಅಲ್ಲಿ ಅವನ ಆಟ ನೋಡಿದವರು ಇಲ್ಲೇ ಉಳಿದುಬಿಡು ಎಂದು ಆಸೆ ತೋರಿಸಿದ್ದರು. ರಾಷ್ಟ್ರೀಯ ತಂಡದ ತರಬೇತುದಾರ ಸೆಪ್ ಹೆರ್ಬರ್ಗರ್ ಅವನನ್ನು ವಾಪಸ್ ಕರೆಸಿಕೊಂಡರು.

ಎಸೆನ್‌ನ ಕ್ಲಬ್ ಆಗ ಶಿಖರದಲ್ಲಿತ್ತು. 1953ರಲ್ಲಿ ಆಖೆನ್ ತಂಡವನ್ನು 2–1ರಿಂದ ಸೋಲಿಸಿ ಜರ್ಮನ್ ಕಪ್ ಗೆದ್ದಿತು. 1955ರ ಜೂನ್ 26ರಂದು ಹಾನೋವರ್‌ನಲ್ಲಿ ರಾಷ್ಟ್ರೀಯ ಫೈನಲ್. ಎದುರಾಳಿ ಫ್ರಿಟ್ಸ್ ವಾಲ್ಟರ್‌ನ ಕೈಸರ್ಸ್‌ಲೌಟರ್ನ್, ವಿಶ್ವಕಪ್ ವೀರರ ತಂಡ. 3–3ರಲ್ಲಿ ನಿಂತಿದ್ದ ಪಂದ್ಯ ಮುಗಿಯಲು ಐದು ನಿಮಿಷವಿದ್ದಾಗ ಫ್ರಾನ್ಸ್ ಇಸ್ಲಾಕರ್ ತನ್ನ ಮೂರನೇ ಗೋಲು ಹೊಡೆದ. 4–3. ಅದೇ ವರ್ಷ ಹೊಸದಾಗಿ ಶುರುವಾದ ಯುರೋಪಿಯನ್ ಕಪ್‌ನಲ್ಲಿ ಆಡಿದ ಮೊದಲ ಪಶ್ಚಿಮ ಜರ್ಮನ್ ಕ್ಲಬ್ಬೂ ಎಸೆನ್. ಸ್ಕಾಟ್ಲೆಂಡಿನ ಹಿಬರ್ನಿಯನ್ ಬಂದು ಎಸೆನ್‌ನಲ್ಲೇ 4–0ರಿಂದ ಬಡಿದು ಹೋಯಿತು. ಆರು ವರ್ಷದಲ್ಲಿ, 1961ರಲ್ಲಿ, ಎಸೆನ್ ಎರಡನೇ ದರ್ಜೆಗೆ ಬಿದ್ದಿತ್ತು.

ನಾಜಿ ಕಾಲದ ಹೊಣೆಗಾರಿಕೆ ಈ ಲೀಗಿನಲ್ಲಿ ಚರ್ಚೆಯಾಯಿತೇ?

ಇಲ್ಲ. ಒಂದೇ ಉದಾಹರಣೆ ಸಾಕು. ಫ್ರಿಟ್ಸ್ ಷೆಪಾನ್ ಶಾಲ್ಕೆಯ ದಂತಕಥೆ. ಕುಟ್ಸೋರಾ ಜೊತೆ ಸೇರಿ ಚಿಕ್ಕ ಚಿಕ್ಕ ಪಾಸುಗಳಿಂದ ಎದುರಾಳಿಯನ್ನು ತಿರುಗಿಸಿ ಹಾಕುವ ಶೈಲಿಗೆ ರೂಪ ಕೊಟ್ಟವನು. 1938ರಲ್ಲಿ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಯಹೂದಿ ಮಾಲೀಕರು ಬಲವಂತಕ್ಕೆ ಸಿಲುಕಿ ಮಾರಬೇಕಾಗಿ ಬಂದ ಜವಳಿ ಅಂಗಡಿಯೊಂದನ್ನು ಕೊಂಡವನೂ ಅವನೇ. ಯುದ್ಧದ ನಂತರ ಶಾಲ್ಕೆಗೆ ತರಬೇತುದಾರನಾದ. ಅಲ್ಲಿಂದ ಎಸೆನ್‌ಗೆ ಹೋದ. 1955ರಲ್ಲಿ ಪಟ್ಟ ಗೆದ್ದ ಎಸೆನ್ ತಂಡದ ತರಬೇತುದಾರ ಷೆಪಾನ್. ಆ ಅಂಗಡಿಯ ವಿಷಯ ಆಗ ಯಾರೂ ಎತ್ತಲಿಲ್ಲ. ಕ್ಲಬ್ಬುಗಳು ತಮ್ಮ ನಾಜಿ ಕಾಲದ ಕಡತ ಬಿಚ್ಚಲು ಹಲವು ದಶಕಗಳೇ ಬೇಕಾದವು.

ಒಂದೇ ಹನ್ನೊಂದು ಮಂದಿ ಸತತ ಎರಡು ಫೈನಲ್ ಗೆದ್ದರೆಂಬುದು ನಿಜವೇ?

ನಿಜ. 1956ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ಸ್‌ರೂಹ ತಂಡವನ್ನು 4–2ರಿಂದ, 1957ರಲ್ಲಿ ಹಾನೋವರ್‌ನಲ್ಲಿ ಹ್ಯಾಂಬರ್ಗ್ ತಂಡವನ್ನು 4–1ರಿಂದ ಸೋಲಿಸಿದ ಡೋರ್ಟ್‌ಮುಂಡ್ ತಂಡಗಳ ಪಟ್ಟಿಯಲ್ಲಿ ಒಂದು ಹೆಸರೂ ಬದಲಾಗಿಲ್ಲ. ಮುಂಚೂಣಿಯಲ್ಲಿ ಆಲ್ಫ್ರೆಡ್ ಪ್ರೈಸ್ಲರ್, ಆಲ್ಫ್ರೆಡ್ ಕೆಲ್ಬಾಸಾ, ಆಲ್ಫ್ರೆಡ್ ನೀಪೀಕ್ಲೊ. ‘ಮೂವರು ಆಲ್ಫ್ರೆಡೊಗಳು’ ಎಂದೇ ಪ್ರಸಿದ್ಧರು. ಈ ಪ್ರೈಸ್ಲರ್, ಮ್ಯುನ್‌ಸ್ಟರ್‌ನ ಲಕ್ಷ ಮಾರ್ಕಿನ ಸಾಲಿನಲ್ಲಿದ್ದ ಅದೇ ಪ್ರೈಸ್ಲರ್. ಆಮೇಲೆ ಡೋರ್ಟ್‌ಮುಂಡ್‌ಗೆ ಮರಳಿದ್ದ.

1959ರಲ್ಲಿ ಹೆರ್ನೆ ಹೇಗೆ ಗೆದ್ದಿತು? ಇದನ್ನು ಪವಾಡ ಎನ್ನಬಹುದೇ?

ಪವಾಡ ಎನ್ನಲು ನನಗೆ ಮನಸ್ಸಿಲ್ಲ. ಫ್ರಿಟ್ಸ್ ಲಾಂಗ್ನರ್ ಎಂಬ ಕಟ್ಟುನಿಟ್ಟಿನ ತರಬೇತುದಾರ, ಗೋಲಿನಲ್ಲಿ ಹಾನ್ಸ್ ಟಿಲ್ಕೋವ್‌ಸ್ಕಿ, ನಡುವಿನಲ್ಲಿ ಹೆಲ್ಮುಟ್ ಬೆಂಟ್‌ಹೌಸ್. ಬಹುತೇಕ ಎಲ್ಲರೂ ಸುತ್ತಮುತ್ತಲ ಹುಡುಗರು. ಮೊದಲು ಗೋಲು ಬಿಟ್ಟುಕೊಡದಿರುವುದು, ಆಮೇಲೆ ಹೊಡೆಯುವ ಮಾತು ಎಂಬಂತೆ ಆಡಿದರು. ಸ್ಟ್ರ್ಯುಂಕೆಡೆ ಅರಮನೆಯ ಪಕ್ಕದ ಅವರ ಮೈದಾನದಿಂದ ಅಂಕ ಕಸಿದುಕೊಂಡು ಹೋಗುವುದು ದೊಡ್ಡ ತಂಡಗಳಿಗೂ ಸುಲಭವಿರಲಿಲ್ಲ. ಟಿಲ್ಕೋವ್‌ಸ್ಕಿ ಮುಂದೆ 1966ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಗೋಲ್‌ಕೀಪರ್. ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿದ್ದ ಇಂಗ್ಲೆಂಡಿನ ಆ ಮೂರನೇ ಗೋಲು ಗೆರೆ ದಾಟಿರಲೇ ಇಲ್ಲವೆಂದು ಕೊನೆಯವರೆಗೂ ಹೇಳಿದವರು.

ಗೆಲುವಿನ ಕಾಲ ಮಾತ್ರ ಕ್ರೂರವಾಗಿತ್ತು. 1958ರಿಂದಲೇ ಅಗ್ಗದ ತೈಲ ಮತ್ತು ಆಮದು ಕಲ್ಲಿದ್ದಲಿನೆದುರು ರೂರ್ ಗಣಿಗಳ ಇದ್ದಿಲು ಮಾರಾಟವಾಗದೆ ರಾಶಿ ಬೀಳತೊಡಗಿತ್ತು. ಕಾರ್ಮಿಕರಿಗೆ ಸಂಬಳವಿಲ್ಲದ ರಜೆ, ನಂತರ ಗಣಿಗಳಿಗೆ ಬೀಗ. ಹೆರ್ನೆ ಲೀಗ್ ಗೆದ್ದ ವರ್ಷದ ಸೆಪ್ಟೆಂಬರ್ 26ರಂದು ಸುಮಾರು 60,000 ಗಣಿ ಕಾರ್ಮಿಕರು ರಾಜಧಾನಿ ಬಾನ್‌ನಲ್ಲಿ ಕಪ್ಪು ಬಾವುಟ ಹಿಡಿದು ಮೆರವಣಿಗೆ ನಡೆಸಿದರು. ಗಣಿ ಊರಿನ ಕೊನೆಯ ಪಟ್ಟವೂ ಗಣಿಯ ಮೊದಲ ದೊಡ್ಡ ಬಿಕ್ಕಟ್ಟೂ ಒಂದೇ ವರ್ಷ ಬಂದವು. ಅದಾದ ಮೇಲೆ ಈ ಲೀಗನ್ನು ಗಣಿ ಸೀಮೆಯ ತಂಡ ಗೆಲ್ಲಲೇ ಇಲ್ಲ.

ಕಲೋನ್ ಉಳಿದವರಿಗಿಂತ ಹೇಗೆ ಭಿನ್ನ?

ಅದು ಕ್ಲಬ್ಬಿಗಿಂತ ಹೆಚ್ಚಾಗಿ ಒಂದು ಯೋಜನೆ. 1948ರ ಫೆಬ್ರವರಿಯಲ್ಲಿ ಎರಡು ಹಳೆಯ ಕ್ಲಬ್ಬುಗಳನ್ನು ಸೇರಿಸಿ ಹುಟ್ಟಿಸಿದ್ದು. ಅಧ್ಯಕ್ಷ ಫ್ರಾನ್ಸ್ ಕ್ರೆಮರ್ ವ್ಯಾಪಾರಿ, ಮುಂದಾಲೋಚನೆಯವನು. 1949ರಲ್ಲಿ ಮೇಲಿನ ಲೀಗಿಗೆ ಬಂದರು. 1950ರಲ್ಲಿ ಸರ್ಕಸ್ ಕಂಪನಿಯೊಂದು ಹೋತವೊಂದನ್ನು ಉಡುಗೊರೆ ಕೊಟ್ಟಿತು. ಆಟಗಾರನೂ ತರಬೇತುದಾರನೂ ಆಗಿದ್ದ ಹೆನ್ನೆಸ್ ವೈಸ್‌ವೈಲರ್ ಹೆಸರನ್ನೇ ಅದಕ್ಕೆ ಇಟ್ಟರು. ಹೋತ ಇಂದಿಗೂ ಕ್ಲಬ್ಬಿನ ಲಾಂಛನ, ಒಂದರ ನಂತರ ಒಂದು ಹೆನ್ನೆಸ್ ಬರುತ್ತಲೇ ಇವೆ. ತಮಾಷೆಯ ಹಿಂದೆ ಶಿಸ್ತಿತ್ತು: ಸ್ವಂತ ಕ್ಲಬ್ ಭವನ, ಸ್ವಂತ ತರಬೇತಿ ಮೈದಾನ, ಆಟಗಾರರನ್ನು ಹುಡುಕಿ ತರುವ ವ್ಯವಸ್ಥೆ. 1962ರಲ್ಲಿ ಯುಗೊಸ್ಲಾವಿಯಾದ ಝ್ಲಾಟ್ಕೊ ಚಾಯ್ಕೋವ್‌ಸ್ಕಿ ತರಬೇತಿಯಲ್ಲಿ ನ್ಯೂರೆಂಬರ್ಗ್ ತಂಡವನ್ನು 4–0ರಿಂದ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆದರು. ಅದೇ ಶರತ್ಕಾಲದಲ್ಲಿ ಸ್ಕಾಟ್ಲೆಂಡಿನ ಡಂಡಿಗೆ ಹೋಗಿ 8–1ರಿಂದ ಸೋತು ಬಂದದ್ದನ್ನು ಕಲೋನಿನವರು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಮಹಿಳೆಯರು ಆಡುತ್ತಿರಲಿಲ್ಲವೇ?

ಆಡುತ್ತಿದ್ದರು, ನಿಷೇಧವನ್ನು ಮೀರಿ. 1955ರ ಜುಲೈನಲ್ಲಿ ಜರ್ಮನ್ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್ಬುಗಳು ಮಹಿಳಾ ತಂಡ ಕಟ್ಟಬಾರದು, ಮೈದಾನ ಕೊಡಬಾರದು ಎಂದು ಅಪ್ಪಣೆ ಹೊರಡಿಸಿತು. ಆಟ ಹೆಣ್ಣಿನ ದೇಹಕ್ಕೂ ಮರ್ಯಾದೆಗೂ ಹಾನಿ ಎಂಬುದು ಕಾರಣ. ರೂರ್ ಸೀಮೆಯ ಹೆಣ್ಣುಮಕ್ಕಳು ಕೇಳಲಿಲ್ಲ. 1956ರ ಸೆಪ್ಟೆಂಬರ್ 23ರಂದು ಎಸೆನ್‌ನಲ್ಲಿ, ಮಾಥಿಯಾಸ್ ಸ್ಟಿನ್ನೆಸ್ ಗಣಿಯ ಹೆಸರು ಹೊತ್ತ ಮೈದಾನದಲ್ಲಿ, ನೆದರ್ಲೆಂಡ್ಸ್ ವಿರುದ್ಧ ಅನಧಿಕೃತ ಅಂತರರಾಷ್ಟ್ರೀಯ ಪಂದ್ಯವಾಡಿ 2–1ರಿಂದ ಗೆದ್ದರು. ನೋಡಲು ಬಂದವರು ಸುಮಾರು 18,000. ನಿಷೇಧ ತೆಗೆದದ್ದು 1970ರಲ್ಲಿ.

ಚೆನ್ನಾಗಿ ನಡೆಯುತ್ತಿದ್ದ ಲೀಗನ್ನು ಮುಚ್ಚಿದ್ದೇಕೆ?

ಚೆನ್ನಾಗಿ ನಡೆಯುತ್ತಿತ್ತು ಎನ್ನುವುದು ಅರ್ಧ ಸತ್ಯ. ಒಳ್ಳೆಯ ಆಟಗಾರರು ಇಟಲಿಗೆ ಹೊರಟಿದ್ದರು. ಎರ್ಕೆನ್‌ಶ್ವಿಕ್‌ನ ಗಣಿಯಲ್ಲಿ ಕೆಲಸ ಮಾಡುತ್ತ ಅದೇ ಊರಿನ ತಂಡದಲ್ಲಿ ಆಟ ಆರಂಭಿಸಿ, ವುಪರ್ಟಾಲ್‌ನಲ್ಲಿ ಹೆಸರು ಮಾಡಿದ ಹಾರ್ಸ್ಟ್ ಷಿಮಾನಿಯಾಕ್ 1961ರಲ್ಲಿ ಕಟಾನಿಯಾಕ್ಕೆ ಹೋದ. ಮೊಂಖೆನ್‌ಗ್ಲಾಡ್‌ಬಾಖ್‌ನ ಆಲ್ಬರ್ಟ್ ಬ್ರ್ಯುಲ್ಸ್ 1962ರಲ್ಲಿ ಮೊಡೆನಾಕ್ಕೆ. ಲೀರಾ ಕೊಡುವವರೆದುರು ಮುನ್ನೂರು ಚಿಲ್ಲರೆ ಮಾರ್ಕ್ ಎಲ್ಲಿ ನಿಲ್ಲುತ್ತದೆ? 1962ರ ವಿಶ್ವಕಪ್‌ನಲ್ಲಿ ಜರ್ಮನಿ ಕ್ವಾರ್ಟರ್ ಫೈನಲ್‌ನಲ್ಲೇ ಯುಗೊಸ್ಲಾವಿಯಾಕ್ಕೆ ಸೋತಾಗ ವಾದ ಗೆದ್ದವರು ಕ್ರೆಮರ್ ಮತ್ತು ಹೆರ್ಬರ್ಗರ್: ವಾರವಾರವೂ ಬಲಿಷ್ಠರು ಬಲಿಷ್ಠರೊಡನೆ ಆಡದೆ ಗತಿಯಿಲ್ಲ. 1962ರ ಜುಲೈ 28ರಂದು ಡೋರ್ಟ್‌ಮುಂಡ್‌ನ ವೆಸ್ಟ್‌ಫಾಲೆನ್‌ಹಾಲೆಯಲ್ಲಿ 103–26 ಮತಗಳಿಂದ ಬುಂಡೆಸ್‌ಲಿಗಾ ಸ್ಥಾಪನೆಯ ನಿರ್ಣಯವಾಯಿತು.

ಬುಂಡೆಸ್‌ಲಿಗಾಕ್ಕೆ ತಂಡಗಳನ್ನು ಹೇಗೆ ಆರಿಸಿದರು? ಆಖೆನ್‌ಗೆ ಅನ್ಯಾಯವಾಯಿತೇ?

ಹದಿನಾರು ಸ್ಥಾನ, 46 ಅರ್ಜಿ. ಪಶ್ಚಿಮಕ್ಕೆ ಐದು, ದಕ್ಷಿಣಕ್ಕೆ ಐದು, ಉತ್ತರಕ್ಕೆ ಮೂರು, ನೈಋತ್ಯಕ್ಕೆ ಎರಡು, ಬರ್ಲಿನ್‌ಗೆ ಒಂದು. ಹನ್ನೆರಡು ವರ್ಷಗಳ ಸಾಧನೆಗೆ ಅಂಕ. ಮೊದಲ ವರ್ಷಗಳದ್ದಕ್ಕೆ ಒಂದು ಪಟ್ಟು, ನಡುವಿನದಕ್ಕೆ ಎರಡು, ಕೊನೆಯ ನಾಲ್ಕು ವರ್ಷಕ್ಕೆ ಮೂರು ಪಟ್ಟು. ಜೊತೆಗೆ ಹಣಕಾಸು, ಮೈದಾನ, ಭೌಗೋಳಿಕ ಹಂಚಿಕೆ ಎಂಬ ರಬ್ಬರಿನಂಥ ಅಳತೆಗೋಲುಗಳು. 1963ರ ಜನವರಿಯಲ್ಲಿ, ಋತು ಇನ್ನೂ ನಡೆಯುತ್ತಿರುವಾಗಲೇ, ಕಲೋನ್, ಡೋರ್ಟ್‌ಮುಂಡ್, ಶಾಲ್ಕೆಗಳ ಹೆಸರು ಘೋಷಿಸಿಬಿಟ್ಟರು. ಉಳಿದ ಎರಡು ಸ್ಥಾನ ಮೈಡೆರಿಶ್ ಮತ್ತು ಮ್ಯುನ್‌ಸ್ಟರ್‌ಗೆ ಹೋದವು.

ಅಲೆಮಾನಿಯಾ ಆಖೆನ್ ಹದಿನಾರೂ ಋತು ಈ ಲೀಗಿನಲ್ಲಿದ್ದ ಮೂರೇ ಕ್ಲಬ್ಬುಗಳಲ್ಲಿ ಒಂದು. ಉಳಿದೆರಡು ಡೋರ್ಟ್‌ಮುಂಡ್ ಮತ್ತು ಶಾಲ್ಕೆ. ಕೊನೆಯ ಋತುವಿನಲ್ಲಿ ಶಾಲ್ಕೆಗಿಂತ ಮೇಲಿನ ಸ್ಥಾನದಲ್ಲೂ ಮುಗಿಸಿತು. ಆದರೂ ಹೊರಗುಳಿಯಿತು, ಪ್ರತಿಭಟಿಸಿದರೂ ಫಲ ಸಿಗಲಿಲ್ಲ. ಶಾಲ್ಕೆಯನ್ನು ಬಿಟ್ಟು ರಾಷ್ಟ್ರೀಯ ಲೀಗ್ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ ಎಂಬುದು ನಿಜ. ಹಾಗಿದ್ದರೆ ಅದನ್ನೇ ನೇರವಾಗಿ ಹೇಳಬಹುದಿತ್ತು, ಪಟ್ಟುಗಳ ಲೆಕ್ಕವೇಕೆ? ನನ್ನ ಉತ್ತರ: ಹೌದು, ಅನ್ಯಾಯವಾಯಿತು.

ಆಮೇಲೆ ಈ ತಂಡಗಳೆಲ್ಲ ಏನಾದವು?

ಲೀಗ್‌ಗೆ ಒಳ್ಳೆಯ ಬೀಳ್ಕೊಡುಗೆಯೇ ಸಿಕ್ಕಿತು. ಹಳೆಯ ಪದ್ಧತಿಯ ಕೊನೆಯ ರಾಷ್ಟ್ರೀಯ ಫೈನಲ್ ಇಬ್ಬರು ಪಶ್ಚಿಮದವರ ನಡುವೆಯೇ ನಡೆದು, ಡೋರ್ಟ್‌ಮುಂಡ್ 3–1ರಿಂದ ಕಲೋನ್ ತಂಡವನ್ನು ಸೋಲಿಸಿತು. 1963ರ ಆಗಸ್ಟ್ 24ರಂದು ಬುಂಡೆಸ್‌ಲಿಗಾದ ಮೊಟ್ಟಮೊದಲ ಗೋಲು ಹೊಡೆದವನೂ ಡೋರ್ಟ್‌ಮುಂಡ್‌ನ ಟೀಮೊ ಕೊನಿಯೆಟ್ಸ್ಕ, ಬ್ರೆಮೆನ್‌ನಲ್ಲಿ, ಮೊದಲ ನಿಮಿಷದಲ್ಲೇ. ಕ್ಯಾಮರಾದವರು ಇನ್ನೂ ಸಜ್ಜಾಗಿರಲಿಲ್ಲ; ಆ ಗೋಲಿನ ಚಿತ್ರವೇ ಇಲ್ಲ. ಮೊದಲ ಚಾಂಪಿಯನ್ ಕಲೋನ್. ಎರಡನೇ ಸ್ಥಾನ ಮೈಡೆರಿಶ್‌ಗೆ. ಆ ತಂಡದಲ್ಲಿ ವಯಸ್ಸಾಗಿ ಮೈ ಬಂದಿದ್ದ ಹೆಲ್ಮುಟ್ ರಾನ್ ಇನ್ನೂ ಓಡುತ್ತಿದ್ದ. ಮೈಡೆರಿಶ್ ಇಂದಿನ ಎಂಎಸ್‌ವಿ ಡುಯಿಸ್‌ಬುರ್ಗ್.

ಮ್ಯುನ್‌ಸ್ಟರ್ ಒಂದೇ ವರ್ಷದಲ್ಲಿ ಕೆಳಗಿಳಿದು ಬುಂಡೆಸ್‌ಲಿಗಾಕ್ಕೆ ಮತ್ತೆ ಬರಲಿಲ್ಲ. ಮೊಂಖೆನ್‌ಗ್ಲಾಡ್‌ಬಾಖ್ 1965ರಲ್ಲಿ ಮೇಲೆ ಬಂದು ಎಪ್ಪತ್ತರ ದಶಕದಲ್ಲಿ ಐದು ಪಟ್ಟ ಗೆದ್ದಿತು. ಆಖೆನ್ 1967ರಲ್ಲಿ ತನ್ನ ಬಲದಿಂದಲೇ ಏರಿ, 1969ರಲ್ಲಿ ಎರಡನೇ ಸ್ಥಾನ ಪಡೆದು ತೋರಿಸಿತು. ಹೆರ್ನೆ ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ಬಂಕ್ ಉದ್ಯಮಿಯೊಬ್ಬನ ಹಣ ನಂಬಿ ಎರಡನೇ ಬುಂಡೆಸ್‌ಲಿಗಾದವರೆಗೆ ಬಂದಿತ್ತು. 1979ರಲ್ಲಿ ಅವನ ಸಾಮ್ರಾಜ್ಯ ಕುಸಿದಾಗ ಪರವಾನಗಿಯನ್ನೇ ಹಿಂದಿರುಗಿಸಬೇಕಾಯಿತು. ಜೋಡಿಂಗೆನ್, ಕಾಟರ್ನ್‌ಬೆರ್ಗ್, ಹಾರ್ಸ್ಟ್‌ಗಳು ಊರ ಲೀಗುಗಳಿಗೆ ಮರಳಿದವು.

ಜರ್ಮನಿಗೆ ಹೋದರೆ ಇದರ ಕುರುಹು ಏನಾದರೂ ನೋಡಲು ಸಿಗುತ್ತದೆಯೇ?

ಬೇಕಾದಷ್ಟು. ಊರಿಂದೂರಿಗೆ ರೈಲಿನಲ್ಲಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಡೋರ್ಟ್‌ಮುಂಡ್ ರೈಲು ನಿಲ್ದಾಣದ ಎದುರೇ ಜರ್ಮನ್ ಫುಟ್‌ಬಾಲ್ ವಸ್ತುಸಂಗ್ರಹಾಲಯವಿದೆ. ದೈತ್ಯ ವೆಸ್ಟ್‌ಫಾಲೆನ್ ಕ್ರೀಡಾಂಗಣದ ಮಗ್ಗುಲಿಗೆ ಹಳೆಯ ಮೈದಾನ ರೋಟೆ ಎರ್ಡೆ ಈಗಲೂ ನಿಂತಿದೆ. ಎರಡನ್ನೂ ಒಟ್ಟಿಗೆ ನೋಡಿದರೆ ಅಳತೆಯ ವ್ಯತ್ಯಾಸ ತಿಳಿಯುತ್ತದೆ. ಗೆಲ್ಸೆನ್‌ಕಿರ್ಶೆನ್‌ನಲ್ಲಿ ಶಾಲ್ಕೆಯ ಹಳೆಯ ಗ್ಲ್ಯುಕ್‌ಔಫ್ ಮೈದಾನವನ್ನು ಉಳಿಸಿಕೊಂಡಿದ್ದಾರೆ. ಎಸೆನ್‌ನ ಹಾಫೆನ್‌ಸ್ಟ್ರಾಸೆಯ ಹಳೆಯ ಮೈದಾನ ಕೆಡವಿ 2012ರಲ್ಲಿ ಹೊಸದು ಕಟ್ಟಿದ್ದಾರೆ. ಕಾಟರ್ನ್‌ಬೆರ್ಗ್‌ನ ಪಕ್ಕದ ತ್ಸೋಲ್‌ಫೆರೈನ್ ಗಣಿ 1986ರಲ್ಲಿ ನಿಂತು, 2001ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಜೋಡಿಂಗೆನ್‌ನಲ್ಲಿ ಮೋಂ ಸೆನಿ ಗಣಿ ಮುಚ್ಚಿದ್ದು 1978ರಲ್ಲಿ. ಆ ಜಾಗದಲ್ಲಿ ಈಗ ದೊಡ್ಡ ಗಾಜಿನ ಮನೆಯೊಳಗೆ ಸರ್ಕಾರಿ ತರಬೇತಿ ಅಕಾಡೆಮಿ ಇದೆ. ಸಮಯ ಕಡಿಮೆಯಿದ್ದರೆ ರೋಟೆ ಎರ್ಡೆ ಮತ್ತು ತ್ಸೋಲ್‌ಫೆರೈನ್ ಎರಡನ್ನು ಆರಿಸಿಕೊಳ್ಳಿ. ಒಂದೇ ದಿನದಲ್ಲಿ ಮುಗಿಯುತ್ತದೆ.